ಒಂದು ರಾತ್ರಿಯ ಬೀಗ

ನಿನ್ನೆ ರಾತ್ರಿ ನಮ್ಮ ವಾಚನಾಲಯದ ಜಾಲತಾಣಕ್ಕೆ ಬೀಗ ಹಾಕಿ ಕೂತಿದ್ದೆ. ನುಡಿ ಫಾಂಟಿನಲ್ಲಿದ್ದ ಹಳೆಯ ಬರಹಗಳನ್ನೆಲ್ಲ ಯೂನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರು-ಮೊಬೈಲುಗಳಿಗೂ ಅರ್ಥವಾಗುವ ಅಕ್ಷರ ಸಂಕೇತಕ್ಕೆ, ತರುವ ಕೆಲಸ. ಒತ್ತಕ್ಷರ ಕಳಚಿದ, ಅರ್ಕಾವತ್ತು ದಾರಿ ತಪ್ಪಿದ ಕನ್ನಡ ಯಾರ ಕಣ್ಣಿಗೂ ಬೀಳಬಾರದು ನೋಡಿ. ಬಂದವರಿಗೆಲ್ಲ ಸರ್ವರ್ 503 ಅನ್ನುತ್ತಿತ್ತು, ಅಂದರೆ ಸದ್ಯಕ್ಕಿಲ್ಲ, ಆಮೇಲೆ ಬನ್ನಿ. ಅದರ ಬದಲು 404 ಅಂದುಬಿಟ್ಟರೆ, ಪುಟವೇ ಇಲ್ಲವೆಂದು ಗೂಗಲ್ ತನ್ನ ಪಟ್ಟಿಯಿಂದ ಕೈಬಿಡಬಹುದು.

ಒಂಬತ್ತೂವರೆಗೆ ಪೆರ್ಲದಿಂದ ನಿವೃತ್ತ ಮಾಷ್ಟ್ರೊಬ್ಬರ ಫೋನು. "ಅದು ಮುಚ್ಚಿಯೇ ಹೋಯ್ತಾ ಮಾರಾಯ?"

ಸ್ವರ ನಡುಗುತ್ತಿತ್ತು. ಕಾಸರಗೋಡಿನಲ್ಲಿ ಕನ್ನಡದ ಒಂದು ಬಾಗಿಲು ಮುಚ್ಚಿದರೂ ಎದೆ ಧಸಕ್ಕೆನ್ನುತ್ತದೆ.

"ಇಲ್ಲ ಮಾಷ್ಟ್ರೇ, ಬೆಳಗ್ಗೆ ತೆರೀತದೆ."

ಫೋನಿಟ್ಟವನೇ ಪರದೆಯ ಸೂಚನೆ ತಿದ್ದಿದೆ: "ದುರಸ್ತಿ ನಡೆಯುತ್ತಿದೆ. ಬೆಳಗ್ಗೆ 6ಕ್ಕೆ ಬನ್ನಿ. ಎಲ್ಲವೂ ಇಲ್ಲೇ ಇದೆ."