ಪೋರ್ಶನ್ ಮುಗಿಸದ ಕನ್ನಡ ಸರ್

ನಾನು ಕಾರವಾರದಲ್ಲಿ ಓದಿದ್ದು ಬಿ.ಕಾಂ. ಕನ್ನಡ ಎಂದರೆ ಪಾಸಾದರೆ ಸಾಕು ಅನ್ನುವ ವಿಷಯ. ಅಕೌಂಟೆನ್ಸಿಗೆ ಟ್ಯೂಷನ್, ಕನ್ನಡಕ್ಕೆ ಗೈಡು. ಶಿರಸಿ ಕಡೆಯಿಂದ ಬಂದ ನಮ್ಮ ಕನ್ನಡ ಸರ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಅವರು ಪಠ್ಯಪುಸ್ತಕ ತೆರೆಯಲೇ ಇಲ್ಲ.

"ಜಿಲ್ಲಾ ಕೇಂದ್ರ ಕಾರವಾರ ಯಾಕಾಯ್ತು? ಹೊನ್ನಾವರ ಯಾಕಲ್ಲ?" ಎಂದು ಕೇಳಿದರು. ಬಂದರು ಇದೆಯಲ್ಲ ಸರ್, ಎಂದು ಯಾರೋ ಅಂದರು. "ಹೊನ್ನಾವರದಲ್ಲೂ ಇದೆಯಲ್ಲ ಮಾರಾಯ!"

ಉತ್ತರ ಸಿಗುವ ಹೊತ್ತಿಗೆ ನಾವು ಧಾರವಾಡದ ಹೊಲಕ್ಕೂ ಇಂಗ್ಲೆಂಡಿನ ಗಿರಣಿಗೂ ಹೋಗಿಬಂದಿದ್ದೆವು. ಆಗ, ಬ್ರಿಟಿಷರ ಕಾಲದಲ್ಲಿ, ಉತ್ತರ ಕನ್ನಡ ದಕ್ಷಿಣ ಕನ್ನಡ ಎರಡೂ ಸೇರಿದ ಕೆನರಾ ಪೂರ್ತಿ ಮದ್ರಾಸ್ ಪ್ರಾಂತ್ಯದ್ದು. ಹತ್ತಿ ಬೆಳೆಯುವ ಧಾರವಾಡ ಮುಂಬಯಿಯದು. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ಕಡಿಮೆಯಾಗಿತ್ತು. ನಮ್ಮ ಹತ್ತಿಯನ್ನು ಘಟ್ಟ ಇಳಿಸಿ ಹಡಗಿಗೆ ಹಾಕಲು ಮುಂಬಯಿಯವರಿಗೆ ಕಾರವಾರ ಬೇಕಿತ್ತು. 1862ರಲ್ಲಿ ಕೆನರಾದ ಉತ್ತರದ ಭಾಗ ಮುಂಬಯಿಗೆ ಸೇರಿತು, ಕಾರವಾರ ಅದರ ಕೇಂದ್ರವಾಯಿತು. ಮುಂದೆ ಗೋವಾದ ಮರ್ಮಗೋವಾ ಬಂದರಿಗೆ ರೈಲು ಬಂತು, ಸರಕು ಅತ್ತ ತಿರುಗಿತು. ಕಾಮರ್ಸ್ ಹುಡುಗರಾದ ನಮಗೆ ಇತಿಹಾಸ ತಲೆಗೆ ಹೋದದ್ದು ಹೀಗೆ, ಸಾಗಾಣಿಕೆಯ ಲೆಕ್ಕದಿಂದ.

ಇನ್ನೊಮ್ಮೆ ಕಾಳಿ ನದಿಯ ದಡದ ಕೋಡಿಬಾಗಕ್ಕೆ ಕರೆದುಕೊಂಡು ಹೋದರು. ರವೀಂದ್ರನಾಥ ಟ್ಯಾಗೋರರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಡ್ಜ್ ಆಗಿದ್ದರು. ಇಪ್ಪತ್ತೆರಡರ ಆಸುಪಾಸಿನ ರವೀಂದ್ರನಾಥರು ಇಲ್ಲಿಗೆ ಬಂದು ಉಳಿದಿದ್ದರು. ಬೆಳದಿಂಗಳಲ್ಲಿ ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋಗಿ ಬಂದದ್ದನ್ನು ಅವರೇ ಬರೆದಿದ್ದಾರೆ. ಆ ಪುಟವನ್ನು ಸರ್ ನದಿಯ ದಡದಲ್ಲೇ ಓದಿದರು. ಮೀನು ಒಣಗಿಸುತ್ತಿದ್ದ ಹೆಂಗಸರು ನಮ್ಮನ್ನೇ ನೋಡುತ್ತಿದ್ದರು.

ಟ್ಯಾಗೋರರು ಇಲ್ಲಿ ಬರೆದ ನಾಟಕ 'ಪ್ರಕೃತಿರ್ ಪ್ರತಿಶೋಧ್'. ಎಲ್ಲವನ್ನೂ ಬಿಟ್ಟ ಒಬ್ಬ ಸನ್ಯಾಸಿ. ಊರು ಹತ್ತಿರ ಸೇರಿಸದ ಒಂದು ಅನಾಥ ಹುಡುಗಿ. ಅವಳ ಮೇಲೆ ಪ್ರೀತಿ ಹುಟ್ಟುತ್ತಿದೆ ಎಂದು ಹೆದರಿ ಅವನು ಓಡಿಹೋಗುತ್ತಾನೆ. ಮನಸ್ಸು ತಿರುಗಿ ವಾಪಸ್ ಬಂದಾಗ ಅವಳು ಬದುಕಿಲ್ಲ. ಕಥೆ ಮುಗಿಸಿ ಸರ್ ಸುಮ್ನೆ ಕೂತರು. ನಮ್ಮಲ್ಲೇ ಜಗಳ ಶುರುವಾಯ್ತು. ಸನ್ಯಾಸ ಅಂದಮೇಲೆ ಬಿಡಲೇಬೇಕಲ್ವಾ ಎಂದು ನಾನು ವಾದಿಸಿದೆ. ಮಾಜಾಳಿಯಿಂದ ಬರುತ್ತಿದ್ದ ಗೆಳತಿ, "ಆ ಕೂಸಿಗೆ ಊಟ ಹಾಕುವವರು ಯಾರು? ಅದನ್ನು ಹೇಳು ಮೊದಲು" ಎಂದಳು. ಕ್ಲಾಸಿನಲ್ಲಿ ಅವಳ ದನಿ ಅಷ್ಟು ಜೋರಾಗಿ ಕೇಳಿದ್ದು ಅದೇ ಮೊದಲು. ವಾದ ಬಸ್‌ಸ್ಟ್ಯಾಂಡಿನವರೆಗೂ ಹೋಯಿತು. ಯಾರೂ ಗೆಲ್ಲಲಿಲ್ಲ.

ಬನವಾಸಿಗೂ ಹೋಗಿದ್ದೆವು. ಪಂಪ ಹೊಗಳಿದ ಊರು. ನನಗೆ ಅಲ್ಲಿ ನೆನಪಿರುವುದು ವರದಾ ನದಿ ಮತ್ತು ಬಸ್ಸಿನಲ್ಲಿ ವಾಂತಿ ಮಾಡಿಕೊಂಡವರು.

ಇಷ್ಟೆಲ್ಲ ಮಾಡಿದ ಸರ್ ಒಂದು ವರ್ಷವೂ ಪೋರ್ಶನ್ ಮುಗಿಸಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ ನಾವು ಅವರನ್ನು ಬೈದುಕೊಂಡು ಗೈಡು ಉರು ಹೊಡೆದೆವು. ಆ ಬೈಗುಳ ತಪ್ಪೇನಲ್ಲ ಎಂದೇ ಈಗಲೂ ನನ್ನ ಅನಿಸಿಕೆ. ಮಾರ್ಕ್ಸ್ ಬೇಕಾದವರಿಗೆ ಮಾರ್ಕ್ಸ್ ಬೇಕು. ಆದರೆ ಇತ್ತೀಚೆಗೆ ಎಲ್ಲೆಲ್ಲೂ ಕಾಣುವ 'ಸಾಮಾನ್ಯ ಜ್ಞಾನ'ದ ತಯಾರಿ ನೋಡಿದರೆ ಬೇಜಾರಾಗುತ್ತದೆ. ಟ್ಯಾಗೋರರಿಗೆ ನೊಬೆಲ್ ಬಂದದ್ದು 1913ರಲ್ಲಿ ಎಂದು ನಮ್ಮ ಬ್ಯಾಂಕಿಗೆ ಸೇರುವ ಹುಡುಗರು ಥಟ್ಟನೆ ಹೇಳುತ್ತಾರೆ. ಸಂಜೆ ತಾವು ವಾಕಿಂಗ್ ಹೋಗುವ ಬೀಚಿಗೆ ಅವರ ಹೆಸರು ಯಾಕೆ ಬಂತು ಎಂದು ಕೇಳಿದರೆ ಮೊಬೈಲ್ ತೆಗೆಯುತ್ತಾರೆ. ಹುಡುಗರು ಬುದ್ಧಿವಂತರೇ. ಯಾರೂ ಅವರನ್ನು ಹಾಗೆ ಕೇಳಿಲ್ಲ ಅಷ್ಟೇ.

ನಮ್ಮ ಕಾಲೇಜಿನ ಈ ಸಂಚಿಕೆ ಓದುವ ವಿದ್ಯಾರ್ಥಿಗಳಿಗೆ ಸರ್ ನಮಗೆ ಕೇಳಿ ಉತ್ತರ ಹೇಳದೇ ಬಿಟ್ಟ ಒಂದು ಪ್ರಶ್ನೆ ಕೊಡುತ್ತೇನೆ. ಶಿರಸಿ ಹತ್ತಿರದ ಸೋದೆಯ ಜೈನ ಮಠದ ಭಟ್ಟಾಕಳಂಕ 1604ರಲ್ಲಿ ಕನ್ನಡಕ್ಕೊಂದು ದೊಡ್ಡ ವ್ಯಾಕರಣ ಬರೆದ. ಬರೆದದ್ದು ಸಂಸ್ಕೃತದಲ್ಲಿ. ಯಾರು ಓದಲಿ ಎಂದು ಹಾಗೆ ಬರೆದ? ನನಗೆ ತೋಚಿದ ಉತ್ತರ ನನ್ನ ಹತ್ತಿರ ಇದೆ. ಹೇಳುವುದಿಲ್ಲ. ಲೈಬ್ರರಿಯಲ್ಲಿ ಕೂತು ನಿಮ್ಮದನ್ನು ಹುಡುಕಿ, ವಾರ್ಷಿಕೋತ್ಸವಕ್ಕೆ ಬಂದಾಗ ಜಗಳ ಆಡೋಣ.