ಮಿಗ್ ಪಕ್ಕೆಗೆ ಎರಡು ಕಿಂಡಿ

27 ಸೆಪ್ಟೆಂಬರ್ 2025, ಶನಿವಾರ ರಾತ್ರಿ

ನಿನ್ನೆ ಚಂಡೀಗಢದಲ್ಲಿ ವಾಯುಪಡೆ ಮಿಗ್-21ಕ್ಕೆ ವಿದಾಯ ಹೇಳಿತು. 1963ರಲ್ಲಿ ಬಂದ ವಿಮಾನ. ಟಿವಿಯಲ್ಲಿ ಆ ಸದ್ದು ಕೇಳಿದ ಮೇಲೆ, ಮೇಜಿನ ಮೇಲೆ ಅರ್ಧಕ್ಕೆ ನಿಂತಿದ್ದ, ರಿಮೋಟಿನಿಂದ ಹಾರಿಸುವ ಫೋಮ್ ಮಿಗ್ ಮಾದರಿ ಮುಟ್ಟದೆ ಇರಲಾಗಲಿಲ್ಲ.

ಕಿಟ್‌ನಲ್ಲಿ ಬಂದದ್ದು ಮೈಯೊಳಗೆ ಕೂತು ಗಾಳಿಯನ್ನು ಹಿಂದಕ್ಕೆ ತಳ್ಳುವ 70 ಮಿ.ಮೀ. ಫ್ಯಾನ್, ಇಪಿಒ ಎಂಬ ಹಗುರ ಫೋಮಿನ ಮೈ. ಚಕ್ರ ಇಲ್ಲ, ಕೈಯಿಂದ ಎಸೆಯಬೇಕು, ಹುಲ್ಲಿನ ಮೇಲೆ ಹೊಟ್ಟೆ ಉಜ್ಜಿ ಇಳಿಸಬೇಕು. ತೊಂದರೆ ಮೂಗಿನದು. ಫ್ಯಾನಿನ ನಡುವಿನ ಹಬ್ 32 ಮಿ.ಮೀ. ಅದನ್ನು ಕಳೆದರೆ ಬ್ಲೇಡು ತಿರುಗುವ ಜಾಗ ಸುಮಾರು 30 ಚದರ ಸೆಂ.ಮೀ. ಗಾಳಿ ಒಳಬರುವ ಮೂಗಿನ ಬಾಯಿ 56 ಮಿ.ಮೀ., ಅದರೊಳಗೆ 30 ಮಿ.ಮೀ. ಕೋನ್. ಗಾಳಿಗೆ ಉಳಿದದ್ದು ಹದಿನೇಳೂವರೆ ಚದರ ಸೆಂ.ಮೀ. ಮಾತ್ರ. ವೇಗ ಹಿಡಿದ ಮೇಲೆ ಗಾಳಿ ತಾನಾಗಿಯೇ ನುಗ್ಗುತ್ತದೆ. ಕೈಬಿಟ್ಟ ಮೊದಲ ಎರಡು ಸೆಕೆಂಡಿನದೇ ಭಯ.

ಕಡಿಮೆ ಬಿದ್ದ ಗಾಳಿಗೆ ಪಕ್ಕೆಯಲ್ಲಿ ಕಿಂಡಿ ಕೊರೆಯಲು ಬ್ಲೇಡ್ ಕೈಗೆತ್ತಿಕೊಂಡಾಗ ತಮ್ಮ ಬಂದ. "ಇಷ್ಟು ಚೆಂದ ಇದೆ, ಯಾಕಣ್ಣಾ ತೂತು ಕೊರೀತೀಯಾ?"

ಹೀಗೆ ಗಾಳಿಗಾಗಿ ಕೊರೆಯುವ ಹೆಚ್ಚುವರಿ ಕಿಂಡಿಗೆ ಎಲ್ಲರೂ ಚೀಟರ್ ಹೋಲ್, ಅಂದರೆ ಮೋಸದ ತೂತು, ಅನ್ನುತ್ತಾರೆ. ಮಿಗ್‌ಗೆ ಆ ಹೆಸರು ಅನ್ಯಾಯ. ನಿಜವಾದ ಮಿಗ್-21ರ ಪಕ್ಕೆಯಲ್ಲೂ, ರೆಕ್ಕೆ ಬುಡದ ಹತ್ತಿರ, ಸಣ್ಣ ಬಾಗಿಲುಗಳಿವೆ. ಟೇಕಾಫ್ ಹೊತ್ತಿಗೆ ಮೂಗಿನ ಗಾಳಿ ಸಾಲದಾಗ ಎಂಜಿನ್ನಿನ ಎಳೆತಕ್ಕೇ ತೆರೆದುಕೊಳ್ಳುತ್ತವೆ, ವೇಗ ಬಂದಾಗ ಮುಚ್ಚಿಕೊಳ್ಳುತ್ತವೆ. ಫೋಟೋ ತೋರಿಸಿದೆ. ಅವನೇ ಟಾರ್ಚ್ ಹಿಡಿದು ನಿಂತ.

ಎಡಕ್ಕೊಂದು ಬಲಕ್ಕೊಂದು, 65×10 ಮಿ.ಮೀ. ಎರಡೂ ಸೇರಿ 13 ಚದರ ಸೆಂ.ಮೀ., ಲೆಕ್ಕ ಸರಿಹೋಯಿತು. ಹೊಟ್ಟೆಯ ಕೆಳಗೆ ಕೊರೆದರೆ ಇಳಿಯುವಾಗ ಹುಲ್ಲು, ಕಲ್ಲು ಒಳಗೆಳೆದು ಬ್ಲೇಡು ಮುರಿಯುತ್ತದೆ. ಸೊಳ್ಳೆ ಪರದೆ ಅಂಟಿಸುವುದೂ ಬೇಡ: ಗಾಳಿಯನ್ನೂ ತಡೆಯುತ್ತದೆ, ಕಿತ್ತರೆ ನೇರ ಫ್ಯಾನಿಗೇ ಹೋಗುತ್ತದೆ. ಹೊಸ ಬ್ಲೇಡಿನಿಂದಲೇ ಕೊಯ್ಯಬೇಕು, ಮೊಂಡಾದರೆ ಫೋಮಿನ ಕಾಳು ಕಿತ್ತು ಬರುತ್ತದೆ. ಅಂಚನ್ನು ಉಪ್ಪುಕಾಗದದಿಂದ ಉಜ್ಜಿ ದುಂಡಗೆ ಮಾಡಿದೆ. ಚೂಪಾಗಿ ಬಿಟ್ಟರೆ ಗಾಳಿ ಅಲ್ಲೇ ಸುಳಿ ಸುತ್ತಿ ಫ್ಯಾನ್ ಊಳಿಡುತ್ತದೆ. ಮೈ ಬಾಗದಿರಲಿ ಎಂದು ಕಿಂಡಿಯ ಮೇಲೆ ಕೆಳಗೆ 3 ಮಿ.ಮೀ. ಕಾರ್ಬನ್ ಕಡ್ಡಿ ಹುದುಗಿಸಿದೆ.

ಬಾಲದ ಕಡೆ ಬಾಯಿ 62 ಮಿ.ಮೀ. ಇತ್ತು, ತೀರಾ ಅಗಲ. ಪಾರದರ್ಶಕ ಪ್ಲಾಸ್ಟಿಕ್ಕಿನ ಎ4 ಓಎಚ್‌ಪಿ ಶೀಟನ್ನು ಕೊಳವೆಯಾಗಿ ಸುತ್ತಿ 58ಕ್ಕೆ ಇಳಿಸಿದೆ, ಬ್ಲೇಡು ತಿರುಗುವ ಜಾಗದ ಶೇ. 87. ಈ ತೆಳು ಶೀಟು ಫ್ಯಾನಿನ ಹಿಂದೆ ಮಾತ್ರ. ಮುಂದೆ ಹಾಕಿದರೆ ಎಳೆತಕ್ಕೆ ಒಳಗೆ ಕುಸಿಯುತ್ತದೆ. ಕೊಳವೆ 6 ಗ್ರಾಂ, ತೂಕದ ಕೇಂದ್ರದಿಂದ 300 ಮಿ.ಮೀ. ಹಿಂದೆ. ಹಾಗಾಗಿ 280 ಗ್ರಾಂ ಬ್ಯಾಟರಿ ಆರೂವರೆ ಮಿ.ಮೀ. ಮುಂದಕ್ಕೆ ಹೋಯಿತು. ವೈರ್ ಸಾಲದೆ ಬಂದರೆ, ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿಯಿಂದ ಮೋಟಾರಿಗೆ ಹೋಗುವ ಮೂರು ವೈರ್ ಉದ್ದ ಮಾಡುವುದು. ಬ್ಯಾಟರಿ ಕಡೆ ಉದ್ದ ಮಾಡಿದರೆ ಇಎಸ್‌ಸಿಯ ಕೆಪಾಸಿಟರ್‌ಗಳಿಗೆ ಏಟು.

ಹನ್ನೊಂದೂವರೆ. ತಮ್ಮ ಮಲಗುವ ಮುಂಚೆ ಕೇಳಿದ್ದು ತಲೆಯಲ್ಲೇ ಉಳಿದಿದೆ: "ಹಾಗಾದ್ರೆ ಬಾಗಿಲೂ ಇಡಬಹುದಲ್ವಾ?" ಇಡಬಹುದು. ತೆಳು ಪ್ಲಾಸ್ಟಿಕ್, ಒಂದು ಅಂಚಿಗೆ ಹಿಂಜ್ ಟೇಪ್, ಒಳಕ್ಕೆ ತೆರೆಯುವ ಹಾಗೆ. ಆದರೆ ಟೇಪ್ ಬಿಟ್ಟರೆ ಬಾಗಿಲು ಫ್ಯಾನಿಗೆ. ಒಂದು ದಾರ ಕಟ್ಟಿ, ಅದರ ಉದ್ದ ಬ್ಲೇಡಿನವರೆಗೆ ಮುಟ್ಟದಷ್ಟೇ ಇಟ್ಟರೆ…