ಫ್ಯಾಷನ್ ಕಾಲೇಜು ಸೇರುವವರಿಗೆ: ಪ್ಯಾಟರ್ನ್ ಮೇಜಿನಲ್ಲಿ ಕಲಿಯುವುದೇ ನಿಜವಾದ ಓದು

ಖಾಸಗಿ ಫ್ಯಾಷನ್ ಕಾಲೇಜಿಗೆ ಸೇರುವ ಯೋಚನೆಯಿದ್ದರೆ ಒಂದು ಕೆಲಸ ಮಾಡಿ. ಕ್ಯಾಂಪಸ್ ನೋಡಲು ಹೋದಾಗ ಕೊನೆಯ ವರ್ಷದವರು ಹೊಲಿದ ಉಡುಪೊಂದನ್ನು ಕೇಳಿ ತರಿಸಿಕೊಂಡು, ಒಳಮಗ್ಗುಲು ತಿರುವಿ ನೋಡಿ. ಕತ್ತರಿಸಿದ ಅಂಚುಗಳಿಗೆ ಓವರ್‌ಲಾಕ್ ಬಿದ್ದಿದೆಯೇ, ಇಲ್ಲ ಎಳೆ ಬಿಟ್ಟುಕೊಂಡಿದೆಯೇ? ಕತ್ತಿನ ಒಳಪಟ್ಟಿ ಹೊರಗೆ ಇಣುಕದಂತೆ ಅಂಚಿನಲ್ಲಿ ಇನ್ನೊಂದು ಹೊಲಿಗೆ ಹಾಕಿದ್ದಾರೆಯೇ? ಜಿಪ್ಪಿನ ಎಡಬಲದಲ್ಲಿ ಸೊಂಟದ ಹೊಲಿಗೆ ಒಂದೇ ಮಟ್ಟದಲ್ಲಿ ಕೂಡಿದೆಯೇ? ಲೈನಿಂಗ್ ಹೊರಬಟ್ಟೆಯನ್ನು ಎಳೆಯುತ್ತಿದೆಯೇ? ಆಮೇಲೆ, ಇದನ್ನು ಹೊಲಿದವರು ವಿದ್ಯಾರ್ಥಿಯೋ ಹೊರಗಿನ ಟೈಲರೋ ಎಂದು ನೇರವಾಗಿ ಕೇಳಿ. ಕೊನೆಯ ವರ್ಷದ ಕಲೆಕ್ಷನ್ನನ್ನು ಹೊರಗೆ ಕೊಟ್ಟು ಹೊಲಿಸುವ ರೂಢಿ ಎಷ್ಟೋ ಕಡೆ ಇದೆ. ಹಾಗಿರುವಲ್ಲಿ ರ‍್ಯಾಂಪಿನ ಮೇಲೆ ನೀವು ನೋಡುವುದು ಟೈಲರ್ ಕೆಲಸ, ಕಾಲೇಜಿನ ಪಾಠವಲ್ಲ.

ಕೇಳಲೇಬೇಕಾದ ಪ್ರಶ್ನೆಗಳು ಇನ್ನೂ ಕೆಲವಿವೆ. ಒಂದು ಬ್ಯಾಚಿಗೆ ಎಷ್ಟು ಹೊಲಿಗೆ ಮೆಷಿನ್, ಎಷ್ಟು ಡ್ರೆಸ್ ಫಾರ್ಮ್ (ಉಡುಪು ತೊಡಿಸಿ ನೋಡುವ ಬೊಂಬೆ)? ಪ್ರಾಕ್ಟಿಕಲ್ ತರಗತಿಯಲ್ಲಿ ಇಬ್ಬರಿಗೊಂದು ಮೆಷಿನ್ ಎಂದರೆ ಅರ್ಧ ಹೊತ್ತು ಕಾಯುವುದರಲ್ಲೇ ಹೋಗುತ್ತದೆ. ತರಗತಿ ಮುಗಿದ ಮೇಲೂ, ರಜೆಯಲ್ಲೂ ಲ್ಯಾಬ್ ತೆರೆದಿರುತ್ತದೆಯೇ? ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸಲು ಕಾಗದದಲ್ಲಿ ಬರೆಯುವ ಅಚ್ಚು, ಕಲಿಸುವವರು ಕಾರ್ಖಾನೆಯಲ್ಲೋ ಮೊದಲ ಮಾದರಿ ಹೊಲಿಯುವ ಸ್ಯಾಂಪಲ್ ರೂಮಿನಲ್ಲೋ ಕೆಲಸ ಮಾಡಿದವರೇ? ಪದವಿ ಕೊಡುವುದು ಯಾವ ವಿಶ್ವವಿದ್ಯಾಲಯ, ಅಥವಾ ಅದು ಬರೀ ಕಾಲೇಜಿನ ಡಿಪ್ಲೊಮಾವೇ? ಬಟ್ಟೆ, ದಾರ, ಪ್ರಿಂಟಿಂಗ್, ಕೊನೆಯ ಶೋ, ಫೋಟೊ ಶೂಟ್ ಖರ್ಚು ಶುಲ್ಕದೊಳಗೆ ಬರುತ್ತದೆಯೇ ಹೊರಗೇ? ಈ ಕೊನೆಯ ಪ್ರಶ್ನೆಗೆ ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಖಾಸಗಿ ಕಾಲೇಜುಗಳಲ್ಲಿ ಹೆತ್ತವರ ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲೇ.

ಪ್ಯಾರಿಸ್ಸಿನ ಎಸ್ಮೋಡ್ ಶಾಲೆಯನ್ನು 1841ರಲ್ಲಿ ಕಟ್ಟಿದ ಅಲೆಕ್ಸಿ ಲಾವೀನ್ ಒಬ್ಬ ದರ್ಜಿ. ಜಪಾನಿನ ಡಿಸೈನರುಗಳಾದ ಯೋಜಿ ಯಮಾಮೊಟೊ, ಕೆಂಜೊ ತಕಾದ ಅವರು ಓದಿದ ಟೋಕಿಯೋದ ಬುಂಕಾ ಫ್ಯಾಷನ್ ಕಾಲೇಜು ಕೂಡ ಶುರುವಾದದ್ದು ಹೊಲಿಗೆ ಶಾಲೆಯಾಗಿಯೇ. ಇವತ್ತು ಪಠ್ಯಕ್ರಮದಲ್ಲಿ ಬ್ರ್ಯಾಂಡಿಂಗ್, ಟ್ರೆಂಡ್ ಫೋರ್‌ಕಾಸ್ಟಿಂಗ್ ಎಲ್ಲ ಬಂದಿವೆ, ಬರಲಿ. ಆದರೆ ಕತ್ತರಿಸಲು ಗೊತ್ತಿಲ್ಲದವರು ಮಾಡಿದ ಡಿಸೈನ್ ಸ್ಯಾಂಪಲ್ ರೂಮಿಗೆ ಹೋದ ದಿನವೇ ಪ್ಯಾಟರ್ನ್ ಮಾಸ್ಟರ್ ಕೈಗೆ ಸೇರಿ, ಅವರ ಡಿಸೈನ್ ಆಗಿಬಿಡುತ್ತದೆ.

ಮೊದಲ ಸೆಮಿಸ್ಟರಿನಲ್ಲಿ ಎಲ್ಲರಿಗೂ ಇಷ್ಟವಾಗುವುದು ಫ್ಯಾಷನ್ ಇಲಸ್ಟ್ರೇಷನ್. ಅಲ್ಲಿ ಬರೆಯುವ ಆಕೃತಿಯ ಎತ್ತರ 9 ತಲೆ (ಒಂದು ತಲೆಯ ಉದ್ದವೇ ಇಲ್ಲಿ ಅಳತೆ), ಕೆಲವೊಮ್ಮೆ 10. ನಿಜವಾದ ಮನುಷ್ಯರ ಎತ್ತರ ಏಳೂವರೆಯಿಂದ 8 ತಲೆ. ಹೆಚ್ಚಿದ ಉದ್ದವೆಲ್ಲ ಬಹುಪಾಲು ಕಾಲಿಗೇ ಹೋಗುತ್ತದೆ. ಹಾಗಾಗಿ ಚಿತ್ರದಲ್ಲಿ ಮಂಡಿಯ ಕೆಳಗೆ ಚೆಂದವಾಗಿ ಕೂತ ಮೂರು ಸಾಲು ಫ್ರಿಲ್ ನಿಜವಾದ ಕಾಲಿನ ಮೇಲೆ ಕಿಕ್ಕಿರಿಯುತ್ತದೆ. ಇಲಸ್ಟ್ರೇಷನ್ ಮುಗಿದೊಡನೆ ಅದೇ ಉಡುಪನ್ನು 8 ತಲೆಯ ಆಕೃತಿಯ ಮೇಲೆ ಫ್ಲಾಟ್ ಡ್ರಾಯಿಂಗ್ (ಹೊಲಿಗೆ ಗೆರೆಗಳೆಲ್ಲ ಕಾಣುವ ಚಪ್ಪಟೆ ಚಿತ್ರ) ಆಗಿ, ಮುಂದೆ ಹಿಂದೆ ಎರಡೂ ಬರೆದು ನೋಡಿ. ಜಿಪ್ ಎಲ್ಲಿ, ಡಾರ್ಟ್ (ಬಟ್ಟೆ ಮೈಗೆ ಕೂರಲು ಹೊಲಿಯುವ ಮೊನಚು ಮಡಿಕೆ) ಎಲ್ಲಿ, ತಲೆ ತೂರುವುದು ಹೇಗೆ ಎಂಬ ಪ್ರಶ್ನೆಗಳು ಆಗ ಏಳುತ್ತವೆ. ಹಿಂಭಾಗ ಬರೆಯದೆ ತಂದ ಸ್ಕೆಚ್ಚನ್ನು ಒಳ್ಳೆಯ ಮೇಷ್ಟ್ರು ವಾಪಸ್ ಕೊಡುತ್ತಾರೆ. ಕೊಡಬೇಕು ಕೂಡ.

ಬಟ್ಟೆಯ ಪಾಠವನ್ನು ಥಿಯರಿ ಎಂದು ಹಗುರವಾಗಿ ತೆಗೆದುಕೊಳ್ಳಬೇಡಿ. ಪ್ರತಿ ಬಟ್ಟೆಯ ಸ್ವಾಚ್ (ಮಾದರಿ ತುಂಡು) ಅಂಟಿಸಿ, ಪಕ್ಕದಲ್ಲಿ ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆಯ ಗ್ರಾಂ ತೂಕ), ಅಗಲ, ನೇಯ್ಗೆ ಬರೆದಿಡಿ. ಜಿಎಸ್‌ಎಂ ಕಟರ್ 100 ಚದರ ಸೆಂ.ಮೀ. ಬಿಲ್ಲೆ ಕತ್ತರಿಸುತ್ತದೆ; ಅದರ ತೂಕವನ್ನು ಗ್ರಾಮಿನಲ್ಲಿ ನೋಡಿ 100ರಿಂದ ಗುಣಿಸಿದರೆ ಜಿಎಸ್‌ಎಂ ಸಿಕ್ಕಿತು. ನೂಲಿನ ಜಾತಿ ತಿಳಿಯಲು ಎಳೆ ಕಿತ್ತು ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ. ಹತ್ತಿ ಕಾಗದ ಸುಟ್ಟ ವಾಸನೆ ಬಂದು ಮೆತ್ತಗಿನ ಬೂದಿಯಾಗುತ್ತದೆ. ರೇಷ್ಮೆ, ಉಣ್ಣೆ ಕೂದಲು ಸುಟ್ಟಂತೆ ನಾರಿ, ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಮಿಶ್ರ ನೂಲಿನಲ್ಲಿ ಎರಡೂ ಲಕ್ಷಣ ಕಾಣುತ್ತದೆ.

ಈಗ ಮುಖ್ಯ ವಿಷಯ, ಪ್ಯಾಟರ್ನ್. ಬೇಸಿಕ್ ಬ್ಲಾಕ್ ಎಂದರೆ ಯಾವ ಡಿಸೈನೂ ಇಲ್ಲದ, ದೇಹಕ್ಕೆ ಕೂರುವ ಮೂಲ ಪ್ಯಾಟರ್ನ್. ಎದೆ ಸುತ್ತಳತೆ, ಸೊಂಟ, ಬೆನ್ನಿನ ಉದ್ದ, ಭುಜ, ಕಂಕುಳಿನ ಆಳ ತೆಗೆದುಕೊಂಡು ಅರ್ಧ ಮೈಯನ್ನಷ್ಟೇ ಕಾಗದದ ಮೇಲೆ ಬರೆಯುತ್ತೇವೆ. ನೇಯ್ದ ಬಟ್ಟೆಯ ಬ್ಲಾಕಿಗೆ ಎದೆಯ ಸುತ್ತ ಒಟ್ಟು 5ರಿಂದ 10 ಸೆಂ.ಮೀ. ಸಡಿಲ ಬೇಕು, ಇಲ್ಲದಿದ್ದರೆ ಉಸಿರೆಳೆದರೆ ಹೊಲಿಗೆ ಬಿಡುತ್ತದೆ. ನಿಟ್ (ಹೆಣೆದ) ಬಟ್ಟೆಗೆ ಇದೇ ಬ್ಲಾಕ್ ಬಳಸಬಾರದು. ಅದು ಜಗ್ಗುವುದರಿಂದ ಮೈಯಳತೆಗಿಂತ ಕಡಿಮೆಯೂ ಇಡಬಹುದು.

ಬ್ಲಾಕ್ ಬರೆದ ತಕ್ಷಣ ಬಟ್ಟೆಗೆ ಕತ್ತರಿ ಹಾಕಬೇಡಿ. ಮುಂಭಾಗ, ಹಿಂಭಾಗದ ಭುಜದ ಗೆರೆ ಜೋಡಿಸಿ ಕತ್ತಿನ ಬಾಗು, ಕಂಕುಳಿನ ಬಾಗು ಮೊನೆಯಿಲ್ಲದೆ ಹರಿಯುತ್ತವೆಯೇ ನೋಡಿ. ಮುಂಭಾಗದ ನಡುಗೆರೆಯಲ್ಲಿ ಕತ್ತಿನ ಬಾಗು ಸುಮಾರು ಅರ್ಧ ಸೆಂ.ಮೀ.ನಷ್ಟಾದರೂ 90 ಡಿಗ್ರಿಯಲ್ಲಿ ಕೂಡಬೇಕು. ಇಲ್ಲದಿದ್ದರೆ ಮಡಿಚಿದ ಬಟ್ಟೆ ಬಿಚ್ಚಿದಾಗ ಕತ್ತಿನ ಮಧ್ಯೆ ಒಂದು ಸಣ್ಣ ‘ವಿ’ ಕಾಣಿಸಿಕೊಳ್ಳುತ್ತದೆ. ಡಾರ್ಟನ್ನು ಕಾಗದದಲ್ಲೇ ಮಡಿಚಿ, ಮಡಿಚಿದ ಹಾಗೇ ಹೊಲಿಗೆ ಗೆರೆಯನ್ನು ಕತ್ತರಿಸಿ. ಆಗ ಡಾರ್ಟಿನ ಬುಡಕ್ಕೆ ಬೇಕಾದ ಆಕಾರ ತಾನಾಗಿ ಬರುತ್ತದೆ. ಡಾರ್ಟಿನ ತುದಿ ಎದೆಯ ಬಿಂದುವಿಗಿಂತ 2ರಿಂದ 3 ಸೆಂ.ಮೀ. ಹಿಂದೆಯೇ ನಿಲ್ಲಬೇಕು, ಬಿಂದುವಿನವರೆಗೂ ಹೊಲಿದರೆ ಅಲ್ಲಿ ಮೊನೆ ಏಳುತ್ತದೆ.

ತೋಳಿನ ವಿಚಾರದಲ್ಲಿ ಬಹಳ ಮಂದಿ ಎಡವುತ್ತಾರೆ. ತೋಳಿನ ಮೇಲ್ಬಾಗಿನ ಉದ್ದ ಕಂಕುಳಿನ ಸುತ್ತಿಗಿಂತ 2ರಿಂದ 4 ಸೆಂ.ಮೀ. ಹೆಚ್ಚಿರುತ್ತದೆ, ಆ ಹೆಚ್ಚಳವನ್ನು ಹಬೆ ಇಸ್ತ್ರಿಯಲ್ಲಿ ಕುಗ್ಗಿಸಿ ಕೂರಿಸುತ್ತೇವೆ. ಉಣ್ಣೆ 4 ಸೆಂ.ಮೀ. ನುಂಗಿಕೊಂಡೀತು. ಒತ್ತಾಗಿ ನೇಯ್ದ ಪಾಲಿಯೆಸ್ಟರ್ 2 ಸೆಂ.ಮೀ.ಅನ್ನೂ ಸುಲಭವಾಗಿ ಒಪ್ಪುವುದಿಲ್ಲ, ಭುಜದ ಮೇಲೆ ಸಣ್ಣ ಸಣ್ಣ ನೆರಿಗೆ ಉಳಿಸುತ್ತದೆ. ಅದು ಹೊಲಿಗೆಯ ತಪ್ಪಲ್ಲ, ಪ್ಯಾಟರ್ನಿನ ತಪ್ಪು. ಪ್ಯಾಟರ್ನಿಗೆ ಮರಳಿ ತೋಳಿನ ಬಾಗನ್ನೇ ಕಡಿಮೆ ಮಾಡಬೇಕು. ಜೋಡಿಸುವ ಜಾಗ ತೋರಿಸುವ ನಾಚ್ ಗುರುತು ಮುಂಭಾಗಕ್ಕೆ ಒಂದು, ಹಿಂಭಾಗಕ್ಕೆ ಎರಡು. ಇದನ್ನು ಮರೆತರೆ ಎಡತೋಳು ಬಲಕ್ಕೆ ಹೋಗುತ್ತದೆ.

ಇಷ್ಟಾದ ಮೇಲೆ ಮಸ್ಲಿನ್ ಟಾಯ್ಲ್, ಅಂದರೆ ಕೋರಾ ಬಟ್ಟೆಯಲ್ಲಿ ಹೊಲಿದು ನೋಡುವ ಮಾದರಿ. ಕೋರಾ ಬಟ್ಟೆಯನ್ನು ಮೊದಲು ತೊಳೆದು ಒಣಗಿಸಿ, ಇಸ್ತ್ರಿ ಮಾಡಿ. ಹಾಸಿನ ಎಳೆಯೂ ಹೊಕ್ಕಿನ ಎಳೆಯೂ ಸರಿಯಾಗಿ ಲಂಬಕೋನದಲ್ಲಿ ಇವೆಯೇ ನೋಡಿ. ಓರೆಯಾಗಿದ್ದರೆ ಮೂಲೆ ಹಿಡಿದು ಎಳೆದು ಸರಿಮಾಡಿ. ಬಿಗಿಯಾದ ಕಿನಾರೆಯನ್ನು ಕತ್ತರಿಸಿ ತೆಗೆಯಿರಿ. ಪಕ್ಕದ ಹೊಲಿಗೆ, ಭುಜದ ಹೊಲಿಗೆಗೆ 2.5 ಸೆಂ.ಮೀ. ಬಿಡಿ, ಬಿಚ್ಚಿ ಅಗಲ ಮಾಡಲು ಬೇಕಾಗುತ್ತದೆ. ಮೆಷಿನ್ನಿನಲ್ಲಿ ಟಾಕಿಯ (ಒಂದೊಂದು ಹೊಲಿಗೆಯ) ಉದ್ದ 4 ಮಿ.ಮೀ. ಇಟ್ಟು ಹೊಲಿಯಿರಿ, ಬಿಚ್ಚುವುದು ಸುಲಭ. ಎದೆ, ಸೊಂಟ, ನಡುಗೆರೆಗಳನ್ನು ಪೆನ್ಸಿಲ್ಲಿನಲ್ಲಿ ಬಟ್ಟೆಯ ಮೇಲೇ ಎಳೆಯಿರಿ. ಕೊನೆಯ ಬಟ್ಟೆ ತೆಳುವಾದ ಕ್ರೇಪ್ ಆಗಿದ್ದರೆ ದಪ್ಪ ಕೋರಾದಲ್ಲಿ ನೋಡಿ ಪ್ರಯೋಜನವಿಲ್ಲ, ಅದೇ ತೂಕದ, ಅದೇ ಇಳಿತದ ಅಗ್ಗದ ಬಟ್ಟೆ ಹುಡುಕಿ.

ಟಾಯ್ಲನ್ನು ಡ್ರೆಸ್ ಫಾರ್ಮಿಗೂ ಆಮೇಲೆ ಮನುಷ್ಯರಿಗೂ ತೊಡಿಸಿ ಎರಡು ಹೆಜ್ಜೆ ಹಿಂದೆ ಸರಿದು ನಿಂತು ನೋಡಿ. ಮೊದಲು ನೋಡಬೇಕಾದ್ದು ನೀವು ಎಳೆದ ಪೆನ್ಸಿಲ್ ಗೆರೆಗಳು. ಸೊಂಟದ ಗೆರೆ ನೆಲಕ್ಕೆ ಸಮನಾಗಿಲ್ಲ ಎಂದರೆ ಬಟ್ಟೆ ಎಲ್ಲೋ ಸಿಕ್ಕಿಕೊಂಡಿದೆ. ಆಮೇಲೆ ಸುಕ್ಕುಗಳು. ಬಿಗಿದ ಸುಕ್ಕಿನ ಗೆರೆ ಹಿಡಿದು ಹೋದರೆ ತೊಂದರೆಯ ಜಾಗಕ್ಕೆ ತಲುಪುತ್ತೀರಿ. ಎದೆಯಿಂದ ಪಕ್ಕದ ಹೊಲಿಗೆಯತ್ತ ಓರೆಯಾಗಿ ಗೆರೆಗಳು ಇಳಿದು, ಮುಂಭಾಗದ ಅಂಚು ಮೇಲೆದ್ದಿದ್ದರೆ ಎದೆಗೆ ಬಟ್ಟೆ ಸಾಲದು: ಮುಂಭಾಗ ಉದ್ದವಾಗಬೇಕು, ಡಾರ್ಟ್ ದೊಡ್ಡದಾಗಬೇಕು. ಕತ್ತಿನ ಬುಡದಿಂದ ಕಂಕುಳಿನತ್ತ ಗೆರೆ ಜೋತು ಬಿದ್ದಿದ್ದರೆ ಭುಜ ಇಳಿಜಾರಿನದು, ಭುಜದ ಹೊಲಿಗೆಯ ಹೊರತುದಿಯನ್ನು ತಗ್ಗಿಸಬೇಕು, ಕಂಕುಳನ್ನೂ ಅಷ್ಟೇ ಕೆಳಗಿಳಿಸಬೇಕು. ಭುಜದ ತುದಿಯಿಂದ ಒಳಕ್ಕೆ ಎಳೆತವಿದ್ದು ಬೆನ್ನಿನ ಕತ್ತಿನ ಕೆಳಗೆ ಅಡ್ಡ ಮಡಿಕೆ ನಿಂತಿದ್ದರೆ ಭುಜ ಚೌಕ. ಭುಜದ ತುದಿಯನ್ನು ಏರಿಸಬೇಕು. ಅಡ್ಡ ಬಿಗಿ ಸುಕ್ಕು ಎಂದರೆ ಸುತ್ತಳತೆ ಸಾಲದು, ಉದ್ದುದ್ದ ಸಡಿಲ ಮಡಿಕೆ ಎಂದರೆ ಹೆಚ್ಚಾಗಿದೆ. ತೋಳಿನಲ್ಲಿ ಮೇಲಿನಿಂದ ಒಂದೇ ಬದಿಗೆ ಓರೆ ಗೆರೆ ಇಳಿದರೆ ತೋಳನ್ನು ಬಿಚ್ಚಿ ಅರ್ಧ ಸೆಂ.ಮೀ.ನಷ್ಟು ತಿರುಗಿಸಿ ಪಿನ್ ಮಾಡಿ ನೋಡಿ. ಸರಿಹೋದರೆ ನಾಚನ್ನು ಅಲ್ಲಿಗೆ ಸರಿಸಿದರಾಯಿತು.

ಒಂದು ಸಲಕ್ಕೆ ಒಂದೇ ತಿದ್ದುಪಡಿ. ಭುಜ ತಿದ್ದಿದಾಗ ಎದೆಯ ಸುಕ್ಕು ತಾನೇ ಹೋಗುವುದುಂಟು, ಆದ್ದರಿಂದ ಮೇಲಿನಿಂದ ಕೆಳಕ್ಕೆ ಬನ್ನಿ. ತಿದ್ದಿದ್ದನ್ನು ಅಂದೇ ಕಾಗದದ ಪ್ಯಾಟರ್ನಿಗೆ ಇಳಿಸಿ, ತಾರೀಖು ಹಾಕಿ. ಜ್ಯೂರಿಗೆ, ಅಂದರೆ ಕೆಲಸದ ಮೌಲ್ಯಮಾಪನಕ್ಕೆ, ಮುಂಚೆ ಹೊತ್ತಿಲ್ಲವೆಂದು ಟಾಯ್ಲ್ ಬಿಟ್ಟು ನೇರ ರೇಷ್ಮೆಗೆ ಕತ್ತರಿ ಹಾಕುವವರಿಗೆ ಬಟ್ಟೆಯೂ ಹೋಗುತ್ತದೆ, ರಾತ್ರಿಯೂ ಹೋಗುತ್ತದೆ.

ಕ್ರಾಸ್ ಕಟಿಂಗ್ ಬಗ್ಗೆ ಒಂದು ಮಾತು. 45 ಡಿಗ್ರಿ ಓರೆಯಲ್ಲಿ ಕತ್ತರಿಸಿದ ಬಟ್ಟೆ ತನ್ನ ಭಾರಕ್ಕೆ ತಾನೇ ಜಗ್ಗುತ್ತದೆ, ಅದೂ ಎಲ್ಲ ಕಡೆ ಒಂದೇ ಸಮನಾಗಿ ಅಲ್ಲ. ಫ್ರೆಂಚ್ ಡಿಸೈನರ್ ಮೇಡ್ಲೆನ್ ವಿಯೊನೆ ಈ ಗುಣವನ್ನೇ ಹಿಡಿದು, ಅರ್ಧ ಅಳತೆಯ ಮರದ ಬೊಂಬೆಯ ಮೇಲೆ ಬಟ್ಟೆ ಇಳಿಬಿಟ್ಟು ಡಿಸೈನ್ ಕಟ್ಟುತ್ತಿದ್ದರು. ನೀವು ಓರೆ ಸ್ಕರ್ಟ್ ಹೊಲಿದರೆ ಕನಿಷ್ಠ 24 ಗಂಟೆ ತೂಗುಹಾಕಿ, ಆಮೇಲೆ ನೆಲದಿಂದ ಸ್ಕೇಲಿನಲ್ಲಿ ಅಳೆದು ಕೆಳ ಅಂಚು ಕತ್ತರಿಸಿ ಮಡಿಚಿ.

ಹೊಲಿಗೆಯ ಬಹುಪಾಲು ಕಿರಿಕಿರಿಗೆ ಸೂಜಿಯೇ ಮೂಲ. ತೆಳು ಬಟ್ಟೆಗೆ 70, ಸಾಧಾರಣ ಹತ್ತಿಗೆ 80, ಡೆನಿಮ್‌ಗೆ 100. ನಿಟ್‌ಗೆ ದುಂಡು ಮೊನೆಯ ಬಾಲ್‌ಪಾಯಿಂಟ್. ನಿಟ್‌ನಲ್ಲಿ ಟಾಕಿ ತಪ್ಪುತ್ತಿದ್ದರೆ ಟೆನ್ಷನ್ ತಿರುಗಿಸುವ ಮೊದಲು ಸೂಜಿ ಬದಲಿಸಿ. ಲ್ಯಾಬಿನ ಮೆಷಿನ್ನಿನಲ್ಲಿ ಹಿಂದಿನವರು ಡೆನಿಮ್ ಹೊಲಿದ ಸೂಜಿಯೇ ಇರಬಹುದು, ಹಾಗಾಗಿ ನಿಮ್ಮ ಸೂಜಿ, ನಿಮ್ಮ ಬಾಬಿನ್ ನಿಮ್ಮ ಡಬ್ಬಿಯಲ್ಲೇ ಇರಲಿ. ಹೊಲಿಗೆ ಗೆರೆ ಮುದುರಿಕೊಂಡರೆ ಒಂದು ಪರೀಕ್ಷೆ: ಅಲ್ಲಲ್ಲಿ ದಾರವನ್ನು ಮಾತ್ರ ಕತ್ತರಿಸಿ. ಮುದುರು ಬಿಟ್ಟುಕೊಂಡರೆ ಟೆನ್ಷನ್ ಬಿಗಿಯಾಗಿತ್ತು. ಹಾಗೇ ಉಳಿದರೆ ದಾರ ದಪ್ಪವಾಗಿ ಎಳೆಗಳ ನಡುವೆ ಜಾಗ ಸಾಲದೆ ಆದದ್ದು, ಅಥವಾ ಮೇಲಿನ ಪದರ ಕೆಳಗಿನದಕ್ಕಿಂತ ನಿಧಾನ ಸರಿದದ್ದು. ಪ್ರತಿ ಹೊಲಿಗೆಗೂ ಇನ್ನೊಂದು ಹೊಲಿಗೆ ಅಡ್ಡ ಬರುವ ಮೊದಲೇ ಇಸ್ತ್ರಿ ಆಗಬೇಕು. ಕಾಲರಿಗೆ ಫ್ಯೂಸಿಂಗ್ (ಗಟ್ಟಿತನ ಕೊಡುವ ಅಂಟುಬಟ್ಟೆ) ಹಾಕುವಾಗ ಇಸ್ತ್ರಿಯನ್ನು ಎಳೆದಾಡಬೇಡಿ, ಎತ್ತಿ ಎತ್ತಿ ಒತ್ತಿ, ತಣ್ಣಗಾಗುವವರೆಗೆ ಕದಲಿಸಬೇಡಿ. ಬಿಸಿಯಿದ್ದಾಗಲೇ ಮಡಿಚಿದರೆ ಅಂಟು ಬಿಟ್ಟು ಗುಳ್ಳೆಗಳು ಏಳುತ್ತವೆ.

ಎರಡನೇ ವರ್ಷದಿಂದ ಕಂಪ್ಯೂಟರ್ ಸಾಫ್ಟ್‌ವೇರ್‌ಗಳು. ಇಲಸ್ಟ್ರೇಟರ್‌ನಲ್ಲಿ ಫ್ಲಾಟ್, ಗರ್ಬರ್ ಅಥವಾ ಲೆಕ್ಟ್ರಾದಲ್ಲಿ ಪ್ಯಾಟರ್ನ್ ಮತ್ತು ಗ್ರೇಡಿಂಗ್ (ಒಂದೇ ಪ್ಯಾಟರ್ನನ್ನು ಬೇರೆ ಬೇರೆ ಸೈಜಿಗೆ ಹಿಗ್ಗಿಸಿ ಕುಗ್ಗಿಸುವುದು), ಕ್ಲೋದಲ್ಲಿ ಮೂರು ಆಯಾಮದ ಸ್ಯಾಂಪಲ್. ಸುಕ್ಕು ಓದಲು ಬರುವವರಿಗೆ ಕ್ಲೋ ದೊಡ್ಡ ಅನುಕೂಲ, ಬಾರದವರಿಗೆ ಚೆಂದದ ಚಿತ್ರ ಅಷ್ಟೇ.

ಟೆಕ್ ಪ್ಯಾಕ್ (ಉಡುಪು ಹೊಲಿಯಲು ಕಾರ್ಖಾನೆಗೆ ಕೊಡುವ ವಿವರದ ಕಾಗದ) ಬರೆಯುವುದನ್ನು ಕಾಲೇಜು ಒಂದು ಅಸೈನ್‌ಮೆಂಟಿಗೆ ಮುಗಿಸಿದರೂ ನೀವು ಪ್ರತಿ ಉಡುಪಿಗೂ ಬರೆಯಿರಿ. ‘ಎದೆ 50 ಸೆಂ.ಮೀ.’ ಎಂದರೆ ಸಾಲದು. ‘ಉಡುಪನ್ನು ಚಪ್ಪಟೆಯಾಗಿ ಹಾಸಿ, ಕಂಕುಳಿನಿಂದ 2.5 ಸೆಂ.ಮೀ. ಕೆಳಗೆ, ಅಂಚಿನಿಂದ ಅಂಚಿಗೆ 50 ಸೆಂ.ಮೀ., ಹೆಚ್ಚುಕಮ್ಮಿ 1 ಸೆಂ.ಮೀ.’ ಎಂದು ಬರೆದರೆ ಯಾವ ಕಾರ್ಖಾನೆಯಲ್ಲಿ ಯಾರು ಅಳೆದರೂ ಒಂದೇ ಉತ್ತರ. ಬಟ್ಟೆ, ದಾರ, ಗುಂಡಿ, ಜಿಪ್, ಲೇಬಲ್ಲುಗಳ ಪಟ್ಟಿ, ಯಾವ ಹೊಲಿಗೆ ಎಲ್ಲಿ, ಅಂಚಿಗೆ ಎಷ್ಟು ಬಿಟ್ಟಿದೆ, ಎಲ್ಲವೂ ಅದರಲ್ಲಿರಲಿ.

ಪೋರ್ಟ್‌ಫೋಲಿಯೊಗೆ ನಾಲ್ಕೈದು ಪ್ರಾಜೆಕ್ಟ್ ಸಾಕು, ಒಂದೊಂದರಲ್ಲೂ ಸ್ಕೆಚ್ಚಿನ ಪಕ್ಕ ಪಿನ್ ಚುಚ್ಚಿದ ಟಾಯ್ಲಿನ ಫೋಟೊ, ತಿದ್ದಿದ ಪ್ಯಾಟರ್ನ್, ಒಳಮಗ್ಗುಲಿನ ಒಂದು ಚಿತ್ರ ಇರಲಿ. ಸಂದರ್ಶನದಲ್ಲಿ ಪ್ರಶ್ನೆ ಬರುವುದು ಆ ಪುಟಗಳ ಮೇಲೇ. ಪ್ಯಾಟರ್ನ್ ಫೈಲುಗಳನ್ನು ಕಾಲೇಜಿನ ಸಾಫ್ಟ್‌ವೇರ್ ಲೈಸೆನ್ಸ್ ಮುಗಿಯುವ ಮೊದಲೇ ಬೇರೆ ಸಾಫ್ಟ್‌ವೇರಿನಲ್ಲೂ ತೆರೆಯುವ ಡಿಎಕ್ಸ್‌ಎಫ್ ರೂಪದಲ್ಲೂ, ನಿಜ ಅಳತೆಯ ಪಿಡಿಎಫ್ ಆಗಿಯೂ ಉಳಿಸಿಕೊಳ್ಳಿ. ಪಿಡಿಎಫ್‌ನ ಮೂಲೆಯಲ್ಲಿ 10 ಸೆಂ.ಮೀ.ನ ಚೌಕ ಬರೆದಿಟ್ಟರೆ ಪ್ರಿಂಟ್ ಸರಿಯಾದ ಅಳತೆಯಲ್ಲಿ ಬಂದಿದೆಯೇ ಎಂದು ಸ್ಕೇಲ್ ಇಟ್ಟು ನೋಡಬಹುದು. ವಿದ್ಯಾರ್ಥಿಯ ಡಿಸೈನ್ ಮೇಲೆ ಕಾಲೇಜಿಗೆ ಏನು ಹಕ್ಕು ಎಂಬುದು ಪ್ರವೇಶದ ಕಾಗದದಲ್ಲಿ ಬರೆದಿರಬಹುದು. ಸಹಿ ಹಾಕುವ ಮೊದಲೇ ಆ ಪುಟ ಓದಿ.